ನೀರು ಎಲ್ಲಿಗೆ ಹೋಗುತ್ತೆ?

ತಾಜ್‌ಮಹಲ್ ನೋಡಲು ಹೋಗಿ, ತಾಜ್‌ಮಹಲ್‌ಗೇ ಬೆನ್ನು ಹಾಕಿ, ಅದರ ಅಂಗಳದ ಚರಂಡಿಯನ್ನು ಮುಕ್ಕಾಲು ಗಂಟೆ ನೋಡಿಕೊಂಡು ಬಂದ ಏಕೈಕ ಭಾರತೀಯ ಯಾರು ಗೊತ್ತಾ? ನಮ್ಮಪ್ಪ! ಸುಳ್ಳು ಅಂದುಕೊಂಡಿರಾ? ಫೋಟೋ ಇದೆ ಸ್ವಾಮಿ. ಬಿಳೀ ಗುಮ್ಮಟದ ಮುಂದೆ ಅಮ್ಮ ಒಬ್ಬಳೇ ಕೂತು ಕೆಂಡ ಕಾರುತ್ತಿದ್ದಾಳೆ. ಎಡಗಡೆ ಮೂಲೆಯಲ್ಲಿ ಯಾರದೋ ಬಗ್ಗಿದ ಬೆನ್ನು ಕಾಣುತ್ತದೆ. ಆ ಬೆನ್ನೇ ನಮ್ಮಪ್ಪ. ಊರಿಗೆ ಬಂದ ಮೇಲೆ "ಹೇಗಿತ್ತಪ್ಪಾ ತಾಜ್‌ಮಹಲ್?" ಅಂತ ಕೇಳಿದೆ. "ಇಳಿಜಾರು ಬಹಳ ಚೆನ್ನಾಗಿ ಕೊಟ್ಟಿದಾನೆ ಕಣಮ್ಮ. ಒಂದು ಹನಿ ನಿಲ್ಲಲ್ಲ" ಅಂದರು. ಷಹಜಹಾನ್ ಕೇಳಿಸಿಕೊಂಡಿದ್ದರೆ ಅಲ್ಲೇ ಅಳುತ್ತಿದ್ದ.

ಅವರ ತಪ್ಪಲ್ಲ ಬಿಡಿ. ನಮ್ಮಪ್ಪ ಮೈಸೂರಿನಲ್ಲಿ ನೀರು ಬಿಡುವ ಕೆಲಸದಲ್ಲಿದ್ದವರು. ಹೆಗಲ ಮೇಲೆ ಎದೆಯುದ್ದದ ಕಬ್ಬಿಣದ ಕೀಲಿ ಹೊತ್ತು, ಸೈಕಲ್ ತುಳಿದುಕೊಂಡು, ಬೀದಿ ಬೀದಿಯ ವಾಲ್ವ್ ತಿರುಗಿಸಿ ಮನೆಮನೆಗೆ ನೀರು ಕಳಿಸಿದ ಮನುಷ್ಯ. ನಿವೃತ್ತಿಯಾದ ದಿನ ಕೀಲಿ ವಾಪಸ್ ಕೊಟ್ಟರು, ಕಣ್ಣು ಮಾತ್ರ ಅಲ್ಲೇ ಉಳಿಯಿತು. ಮದುವೆಮನೆಗೆ ಹೋದರೆ ಎಲ್ಲರೂ ಹುಡುಗಿ ಹೇಗಿದ್ದಾಳೆ ಅಂತ ನೋಡಿದರೆ, ಇವರು ಕೈ ತೊಳೆಯುವ ಜಾಗದ ಹಿಂದೆ ಹೋಗಿ "ಇಲ್ಲಿಂದ ನೀರು ಎಲ್ಲಿಗೆ ಹೋಗುತ್ತೆ?" ಅಂತ ಅಡಿಗೆಯವರನ್ನು ವಿಚಾರಿಸುತ್ತಾರೆ!

ಇಂಥವರು ಜಪಾನಿಗೆ ಬಂದರೆ ಏನಾಗಬೇಡ? ನಾವಿರೋದು ಹಮಾಮತ್ಸುನಲ್ಲಿ. ನನ್ನ ಗಂಡ ಇಲ್ಲಿ ಇಂಜಿನಿಯರ್, ಮಗಳು ಇಂಚರ ಐದನೇ ಕ್ಲಾಸು. ನನ್ನ ತಂಗಿಯ ಬಾಣಂತನಕ್ಕೆ ಅಂತ ಅಮ್ಮ ಊರಲ್ಲೇ ಉಳಿದಳು. "ಇವರನ್ನ ನೀನು ಎರಡು ತಿಂಗಳು ಇಟ್ಕೊ, ನಂಗೂ ಸ್ವಲ್ಪ ಉಸಿರಾಡೋಕೆ ಆಗುತ್ತೆ" ಅಂತ ಅಪ್ಪನನ್ನು ವಿಮಾನ ಹತ್ತಿಸಿದಳು. ಬಂದ ಮರುದಿನ ವಾಕಿಂಗ್ ಹೋದವರು ಎರಡು ಗಂಟೆಯಾದರೂ ಪತ್ತೆಯಿಲ್ಲ. ಹುಡುಕಿಕೊಂಡು ಹೋದರೆ, ಕೊಂಬಿನಿ ಅಂಗಡಿಯ ಮುಂದೆ ರಸ್ತೆಯಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದಾರೆ!

"ಅಪ್ಪಾ, ಚಪ್ಪಲಿ ಯಾಕೆ ಬಿಟ್ರಿ?"

"ನೋಡಮ್ಮ ಇಲ್ಲಿ! ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಹೂವು ಬಿಡಿಸಿದಾರೆ. ನಮ್ಮಲ್ಲಿ ಮುಚ್ಚಳ ಇದ್ದರೇ ಪುಣ್ಯ. ಇದರ ಮೇಲೆ ಚಪ್ಪಲಿ ಕಾಲಿಡೋಕೆ ಮನಸ್ಸು ಬರುತ್ತಾ?"

ಮ್ಯಾನ್‌ಹೋಲ್ ಮುಚ್ಚಳಕ್ಕೆ ಕೈ ಮುಗಿಯೋದೊಂದು ಬಾಕಿ ಇತ್ತು. ಆಮೇಲೆ ಗೊತ್ತಾಯಿತು, ಅದೂ ಆಗಿತ್ತಂತೆ, ನಾನು ಬರೋಕೆ ಮುಂಚೆ.

ಎರಡನೇ ವಾರದಿಂದ ಇವರ ಸೇವೆ ಶುರುವಾಯಿತು. ನಮ್ಮ ಬೀದಿಯ ಮಳೆನೀರಿನ ಜಾಲರಿಗೆ ಎಲೆ ಕಟ್ಟಿಕೊಂಡಿದ್ದು ಕಣ್ಣಿಗೆ ಬಿತ್ತು ನೋಡಿ, ಬೆಳಗಿನ ಜಾವ ಎದ್ದು ನಮ್ಮನೆಯ ಊಟದ ಕಡ್ಡಿಗಳನ್ನು ತಗೊಂಡು ಹೋಗಿ, ಕುಕ್ಕರಗಾಲಲ್ಲಿ ಕೂತು ಒಂದೊಂದೇ ಎಲೆ ಎತ್ತಿ ಹಾಕಿದರು. ಊಟದ ತಟ್ಟೆಯಲ್ಲಿ ಒಂದು ನೂಡಲ್ ಎತ್ತೋಕೆ ಬಾರದವರು, ಚರಂಡಿಯಲ್ಲಿ ಎಂಥಾ ಕೈಚಳಕ ಅಂತೀರಿ! ನಾಲ್ಕನೇ ದಿನ ಬಾಗಿಲು ಬಡಿದ ಶಬ್ದ. ಬೀದಿಯ ಸಂಘದ ಅಧ್ಯಕ್ಷರು, ವಯಸ್ಸಾದ ಮೋರಿತಾ ಸಾನ್, ಕಿತ್ತಳೆಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದರು. ದೂರು ಹೇಳೋಕೆ ಬಂದರು ಅಂತ ನಾನು ಕ್ಷಮೆ ಕೇಳುತ್ತಾ ಮೂರು ಸಲ "ಸುಮಿಮಾಸೆನ್" ಅಂದುಬಿಟ್ಟೆ. ನೋಡಿದರೆ ಅವರು ಧನ್ಯವಾದ ಹೇಳೋಕೆ ಬಂದಿದ್ದರು! ಅವರು ಬಗ್ಗಿದರು, ಅಪ್ಪ ಬಗ್ಗಿದರು. ಅವರು ಇನ್ನೂ ಬಗ್ಗಿದರು, ಅಪ್ಪ ಬಿಡ್ತಾರಾ? ಕೊನೆಗೆ ಇಬ್ಬರೂ ಸೊಂಟ ಹಿಡಿದುಕೊಂಡು ಎದ್ದರು. ಹೋಗುವಾಗ ಮೋರಿತಾ ಸಾನ್, ಮುಂದಿನ ಭಾನುವಾರ ಸಂಘದ ಬಸ್ಸು ನಾರಾ ಕಡೆಯ ಆಸುಕಾಗೆ ಹಳೇ ಕಾಲದ ಅವಶೇಷಗಳನ್ನು ನೋಡೋಕೆ ಹೋಗುತ್ತೆ, ಗೈಡ್ ಇರ್ತಾರೆ, ಬೆಳಿಗ್ಗೆ ಐದೂವರೆಗೆ ಹೊರಟರೆ ಸಂಜೆಗೆ ವಾಪಸ್, ನೀವೆಲ್ಲ ಬರಲೇಬೇಕು ಅಂತ ಕರೆದರು. ನನ್ನ ಗಂಡನಿಗೆ ಅವತ್ತೂ ಡ್ಯೂಟಿ, ಹಾಗಾಗಿ ನಾವು ಮೂವರೇ ಹೊರಡೋದು ಅಂತಾಯಿತು.

ನನಗೆ ಖುಷಿಯೋ ಖುಷಿ. ಇಂಚರ ಮಾತ್ರ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ತೆಗೆಸೋಕೆ ಅರ್ಧ ಗಂಟೆ ಬೇಕಾಯಿತು.

"ಅಮ್ಮಾ, ಮಿಯು ಕೂಡ ಬರ್ತಾಳೆ" ಅಂದಳು.

ಈ ಮಿಯು ಪಕ್ಕದ ತಿರುವಿನಲ್ಲಿರುವ ಹುಡುಗಿ, ಇಂಚರಳ ಕ್ಲಾಸಿನವಳೇ. ನಾವು ಏಪ್ರಿಲ್‌ನಲ್ಲಿ ಈ ಬೀದಿಗೆ ಬಂದಾಗಿನಿಂದ ನನ್ನ ಮಗಳಿಗೆ ಆದ ಒಬ್ಬಳೇ ಒಬ್ಬಳು ಸ್ನೇಹಿತೆ. ಬಂದರೆ ಒಳ್ಳೇದಾಯ್ತಲ್ಲ ಅಂದೆ. ಆಗ ನಿಜ ಹೊರಬಿತ್ತು. ಸ್ಕೂಲಿಗೆ ಹೋಗುವಾಗ ಚರಂಡಿಯ ಮುಂದೆ ಕೂತಿದ್ದ ತಾತನನ್ನು ನೋಡಿ ಮಿಯು, "ಅವರು ಯಾರು?" ಅಂತ ಕೇಳಿದಳಂತೆ. ಇವಳು "ಶಿರಾನಾಯ್ ಹಿತೋ" ಅಂದುಬಿಟ್ಟಳಂತೆ. ಗೊತ್ತಿಲ್ಲದ ಯಾರೋ, ಅಂತ.

ಇಡೀ ಬೀದಿಗೆ ನಾವೊಬ್ಬರೇ ಇಂಡಿಯಾದವರು! ತಾತಂದೂ ಮೊಮ್ಮಗಳದೂ ಒಂದೇ ಅಚ್ಚಿನಲ್ಲಿ ಒತ್ತಿದ ಮೂಗು! ಈ ಸುಳ್ಳು ಹೇಳೋಕೆ ಎಷ್ಟು ಧೈರ್ಯ ಬೇಕು ಹೇಳಿ? "ಈಗ ಬಸ್ಸಲ್ಲಿ ಗೊತ್ತಾಗುತ್ತೆ, ಶಿ ವಿಲ್ ಹೇಟ್ ಮೀ, ನನ್ನ ಜೊತೆ ಯಾರೂ ಮಾತಾಡಲ್ಲ" ಅಂತ ಬಿಕ್ಕಿ ಬಿಕ್ಕಿ ಅತ್ತಳು. ನಾನು ಬೈಯಬೇಕಿತ್ತು, ನಿಜ. ಬೈಯೋಕೆ ಬಾಯಿ ಬರಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಶನಿವಾರ ಸಂಜೆ ಇಂಚರಾನೇ ತಾತನ ಹತ್ತಿರ ಹೋಗಿ ನಿಂತಳು. "ತಾತ, ನಾಳೆ ನೋ ಡ್ರೈನ್ಸ್. ಬಸ್ಸಲ್ಲಿ ನಾನು ಮಿಯು ಜೊತೆ ಮುಂದೆ. ನೀವು ಅಮ್ಮ ಹಿಂದೆ. ನನ್ನ ಹೆಸರು ಕರೀಬೇಡಿ. ಪ್ರಾಮಿಸ್?"

ಅಪ್ಪ ಯಾಕೆ, ಏನು ಅಂತ ಒಂದು ಮಾತು ಕೇಳಬೇಕಲ್ಲ? ಉಹೂಂ. "ಆಯ್ತು ಪುಟ್ಟಿ" ಅಂತ ಅವಳ ಅಂಗೈಗೆ ಅಂಗೈ ತಟ್ಟಿ, ಕಡಲೆಕಾಯಿ ಬೀಜ ಹುರಿಯೋಕೆ ಅಡಿಗೆಮನೆಗೆ ಹೋದರು. ಪ್ರವಾಸ ಅಂದಮೇಲೆ ಪುಳಿಯೋಗರೆ ಇಲ್ಲದೆ ನಮ್ಮಪ್ಪ ಮನೆಯ ಗೇಟು ದಾಟುವವರಲ್ಲ.

ಜಪಾನಿನವರ ಸಮಯಪಾಲನೆ ದೊಡ್ಡದು ಅಂತ ಎಲ್ಲರೂ ಹೇಳುತ್ತಾರೆ. ಅವರಿನ್ನೂ ಮೈಸೂರಿನಲ್ಲಿ ನೀರು ಬಿಟ್ಟವರನ್ನು ನೋಡಿಲ್ಲ! ಐದೂವರೆ ಬಸ್ಸಿಗೆ ಐದು ಗಂಟೆಗೇ ಬಂದು ಎಲ್ಲರಿಗಿಂತ ಮೊದಲು ನಿಲ್ಲೋದು ಮೋರಿತಾ ಸಾನ್ ಅವರ ಎಷ್ಟೋ ವರ್ಷದ ದಾಖಲೆಯಂತೆ. ಅವತ್ತು ಅವರು ಬಂದಾಗ, ಮಂಕಿ ಟೋಪಿ ಹಾಕಿಕೊಂಡು, ಪುಳಿಯೋಗರೆಯ ಸ್ಟೀಲ್ ಡಬ್ಬ ತಬ್ಬಿಕೊಂಡು ನಮ್ಮಪ್ಪ ನಿಂತಿದ್ದರು. ನಾಲ್ಕೂವರೆಯಿಂದ! ಮೋರಿತಾ ಸಾನ್ ಮುಖ ಸಣ್ಣದಾಯಿತು, ಆದರೂ ಬಗ್ಗಿದರು.

ಬಸ್ಸಿನಲ್ಲಿ ನಾಲ್ಕು ಗಂಟೆ ಅಪ್ಪ ಕಿಟಕಿ ಕಡೆ ಮುಖ ಮಾಡಿ ಕೂತೇ ಇದ್ದರು. ಮುಂದಿನ ಸೀಟಿನಲ್ಲಿ ಇಂಚರ, ಮಿಯು ಕಿಸಿಕಿಸಿ ನಗುತ್ತಿದ್ದರು. ಮಗಳು ಅಪ್ಪಿತಪ್ಪಿಯೂ ಹಿಂದೆ ತಿರುಗಲಿಲ್ಲ. ಅಪ್ಪ ಅವಳ ಜಡೆಯನ್ನೇ ಒಂದು ಸಲ ನೋಡಿ, "ಒಳ್ಳೇ ಜೊತೆ ಸಿಕ್ಕಿದೆ ಮಗೂಗೆ" ಅಂತ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

ಆಸುಕಾದಲ್ಲಿ ಮೊದಲು ತೋರಿಸಿದ್ದು ಯಾವುದೋ ದೊಡ್ಡ ಮನುಷ್ಯನ ಗೋರಿ. ಆನೆಗಳು ಸಾಲಾಗಿ ಮಲಗಿದಂಥ ಬಂಡೆಗಳು. ಗೈಡ್ ಓಕಾ ಸಾನ್, ಸಣ್ಣ ಬಾವುಟ ಹಿಡಿದ ಅರವತ್ತರ ಹೆಂಗಸು, ಮೇಲೆ ನೋಡಿ ಅಂದರು. ಎಲ್ಲರೂ ಕತ್ತೆತ್ತಿ ಬಾಯಿ ಬಿಟ್ಟರು. ನಮ್ಮಪ್ಪನ ಕಣ್ಣು ಮಾತ್ರ ಕೆಳಗೆ. ಗೋರಿಯ ನೆಲದಲ್ಲಿ ಒಂದು ಸಣ್ಣ ಕಾಲುವೆ ಕೊರೆದಿದ್ದರು! ಅಪ್ಪ ಜೇಬಿನಿಂದ ಮೊಬೈಲ್ ತೆಗೆದರು. ನೋಡಿದರು. ನನ್ನ ಕೈಗೆ ಕೊಟ್ಟರು. "ನೀನೇ ಇಟ್ಕೊಳಮ್ಮ. ನನ್ನ ಹತ್ರ ಇದ್ರೆ ಆಸೆ ಆಗುತ್ತೆ."

ಹೆಂಡದ ಅಂಗಡಿ ಮುಂದೆ ಹಾದು ಹೋಗುವ ಕುಡುಕನಿಗೂ ಇಷ್ಟು ಕಷ್ಟ ಇರಲಾರದು.

ಆಮೇಲೆ ಬಂತು ನೋಡಿ ಅಸಲಿ ಪರೀಕ್ಷೆ. ಗುಡ್ಡದ ಬುಡದಲ್ಲಿ, ನೆಲ ಅಗೆದಾಗ ಸಿಕ್ಕ ಕಲ್ಲಿನ ಆಮೆ. ಸಾವಿರದ ಮುನ್ನೂರು ವರ್ಷದ ಹಿಂದಿನದಂತೆ. ಆಮೆಯ ಬೆನ್ನೇ ತೊಟ್ಟಿ. ಮೇಲಿಂದ ಬಂದ ಒರತೆ ನೀರು ಮೊದಲು ಒಂದು ಸಣ್ಣ ಕಲ್ಲಿನ ತೊಟ್ಟಿಗೆ ಬಿದ್ದು, ಅದರ ತೂತಿನಿಂದ ಆಮೆಯ ಮೂಗಿಗೆ ಇಳಿದು, ಬೆನ್ನು ತುಂಬಿ, ಬಾಲದಿಂದ ಹೊರಗೆ ಹೋಗುತ್ತಿತ್ತಂತೆ! ದೇವರೇ, ಬೇರೆ ಏನೂ ಸಿಗಲಿಲ್ಲವಾ ನಿನಗೆ ತೋರಿಸೋಕೆ? ಅಪ್ಪನ ಕಿವಿ ಕೆಂಪಗಾಯಿತು. ಹಗ್ಗದ ಈಚೆ ನಿಂತು, ಹಿಮ್ಮಡಿ ಎತ್ತಿ ಎತ್ತಿ ನೋಡಿದರು. ಒಂದು ಕೈ ಬಾಯಿಯ ಮೇಲೆ, ಇನ್ನೊಂದು ಕೈ ಮೊದಲನೇ ಕೈಯ ಮೇಲೆ.

ಓಕಾ ಸಾನ್ ಮಕ್ಕಳನ್ನು ಮುಂದೆ ಕರೆದು ಒಂದು ಪ್ರಶ್ನೆ ಹಾಕಿದರು. ಈ ಸಣ್ಣ ತೊಟ್ಟಿಯ ತೂತನ್ನು ತಳದಲ್ಲಿ ಇಟ್ಟಿಲ್ಲ, ಸ್ವಲ್ಪ ಮೇಲೆ ಇಟ್ಟಿದ್ದಾರೆ. ಯಾಕೆ? ಮಕ್ಕಳು ಮುಖ ಮುಖ ನೋಡಿಕೊಂಡರು. ದೊಡ್ಡವರೂ ನೋಡಿಕೊಂಡರು. ಅಪ್ಪನಿಗೆ ಜಪಾನೀ ಭಾಷೆಯ ಗಂಧವೂ ಇಲ್ಲ. ಆದರೆ ತೂತಿನ ಕಡೆ ಬೆರಳು ತೋರಿಸಿ ಹುಬ್ಬು ಹಾರಿಸಿದರೆ, ನೀರು ಬಿಟ್ಟವನಿಗೆ ಪ್ರಶ್ನೆ ಏನು ಅಂತ ಗೊತ್ತಾಗಲ್ವಾ? ಗಂಟಲಿಂದ "ಹ್ಞೂಂ" ಅಂತ ಒಂದು ಸದ್ದು ಬಂತು. ಕಣ್ಣಲ್ಲಿ ನೀರು ತುಂಬಿತು. ಮಿಯು ತಿರುಗಿ ನೋಡಿ, "ಆ ತಾತನಿಗೆ ಹೊಟ್ಟೆ ನೋವಾ?" ಅಂತ ಇಂಚರಳನ್ನು ಕೇಳಿದಳು.

ಇಂಚರ ಹಿಂದೆ ತಿರುಗಿದಳು. ಬೆಳಗಿನಿಂದ ಮೊದಲ ಸಲ. ಬಾಯಿ ಮುಚ್ಚಿಕೊಂಡು, ಕಣ್ಣರಳಿಸಿಕೊಂಡು, ಅವಳಿಗೆ ಕೊಟ್ಟ ಮಾತು ಉಳಿಸಿಕೊಂಡು ನಿಂತಿದ್ದ ಮುದುಕನನ್ನು ನೋಡಿದಳು. ಆಮೇಲೆ, ಆಸುಕಾದ ಆ ಗುಡ್ಡಕ್ಕೆಲ್ಲ ಕೇಳುವ ಹಾಗೆ, ಅಪ್ಪಟ ಮೈಸೂರು ಕನ್ನಡದಲ್ಲಿ ಕೂಗಿದಳು:

"ತಾತಾ! ಹೇಳಿ ತಾತಾ!"

ಕಟ್ಟೆ ಒಡೆಯಿತು ಕಣ್ರೀ! "ಕೆಸರು ಪುಟ್ಟಿ, ಕೆಸರು! ನೀರಿನ ಜೊತೆ ಮಣ್ಣು ಬರುತ್ತಲ್ಲ, ಅದು ತಳದಲ್ಲಿ ಕೂತ್ಕೊಳ್ಳಲಿ, ಮೇಲಿನ ತಿಳಿನೀರು ಮಾತ್ರ ಆಮೆಗೆ ಹೋಗಲಿ ಅಂತ ತೂತು ಮೇಲೆ ಇಟ್ಟಿದಾನೆ! ಇದನ್ನ ಮಾಡಿದೋನು ಯಾರೋ ನಮ್ಮೋನೇ ಕಣೇ. ಮುಂದೆ ನೀರು ಮುಟ್ಟೋರ ಬಗ್ಗೆ ಯೋಚನೆ ಮಾಡಿದಾನೆ!" ಇಂಚರ ಒಂದೊಂದು ಮಾತನ್ನೂ ಜಪಾನಿಯಲ್ಲಿ ಹೇಳಿದಳು, ಕೈ ಆಡಿಸಿಕೊಂಡು, ತಾತನ ಥರಾನೇ. ಓಕಾ ಸಾನ್ ಬಾವುಟ ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದರು. ಸರಿ ಉತ್ತರ! ಮೋರಿತಾ ಸಾನ್, ಚರಂಡಿ ತಜ್ಞರು ನಮ್ಮ ಬೀದಿಯವರು ಅಂತ ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡು ಓಡಾಡಿದರು.

ಇಂಚರ ತಲೆ ತಗ್ಗಿಸಿ ಮಿಯುಗೆ ಹೇಳಿದಳು. "ಸುಳ್ಳು ಹೇಳಿದ್ದೆ. ಅವರು ನನ್ನ ತಾತ. ಗೊಮೆನ್, ತಪ್ಪಾಯ್ತು."

"ಗೊತ್ತಿತ್ತು" ಅಂದಳು ಮಿಯು. "ಮೂಗು ಒಂದೇ ಥರ ಇದೆಯಲ್ಲ." ಅಷ್ಟೇ! ಇದಕ್ಕಾ ನನ್ನ ಮಗಳು ಒಂದು ವಾರ ನಿದ್ದೆ ಕೆಟ್ಟಿದ್ದು? ಮಧ್ಯಾಹ್ನ ಮಿಯು ಎರಡು ಸಲ ಪುಳಿಯೋಗರೆ ಹಾಕಿಸಿಕೊಂಡು, ಖಾರಕ್ಕೆ ಕಣ್ಣು ಒರೆಸಿಕೊಂಡು, ಮೂರನೇ ಸಲ ತಟ್ಟೆ ಚಾಚಿದಳು.

ವಾಪಸ್ ಬರುವಾಗ ಹುಡುಗಿಯರಿಬ್ಬರೂ ಅಪ್ಪನ ಮೊಬೈಲ್ ತಗೊಂಡು ಅದರಲ್ಲಿದ್ದ ಮ್ಯಾನ್‌ಹೋಲ್ ಮುಚ್ಚಳಗಳ ಫೋಟೋ ನೋಡುತ್ತಾ ಮುಂದೆ ಕೂತಿದ್ದರು. ಬಸ್ಸೆಲ್ಲ ತೂಕಡಿಸುತ್ತಿತ್ತು. ಈಗ ಹೇಳುತ್ತೇನೆ, ಮಗಳನ್ನು ಯಾಕೆ ಬೈಯಲಿಲ್ಲ ಅಂತ. ನಾನೂ ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಸ್ಕೂಲ್ ಗೇಟಿನ ಮುಂದೆ ಒಂದು ವಾಲ್ವ್ ಇತ್ತು. ಗೆಳತಿಯರ ಜೊತೆ ನಿಂತಿದ್ದಾಗ ಅಪ್ಪ ಕೆಸರು ಮೆತ್ತಿದ ಪ್ಯಾಂಟಿನಲ್ಲಿ ಬಂದು ಕೀಲಿ ತಿರುಗಿಸುತ್ತಾ ನನ್ನ ನೋಡಿ ನಕ್ಕರು. ಯಾರೇ ಅದು ಅಂತ ಒಬ್ಬಳು ಕೇಳಿದಳು. "ಯಾರೋ ನೀರು ಬಿಡೋನು" ಅಂದೆ. ಮಾರನೇ ದಿನದಿಂದ ಅಪ್ಪ ಆ ವಾಲ್ವ್ ತಿರುಗಿಸೋಕೆ ಬೆಳಗಿನ ಜಾವವೇ ಬಂದು ಹೋಗುತ್ತಿದ್ದರು, ಸ್ಕೂಲಿನ ಹೊತ್ತಿಗೆ ಎರಡು ವರ್ಷ ಆ ಕಡೆ ಸುಳಿಯಲಿಲ್ಲ. ಡ್ಯೂಟಿ ಬದಲಾಗಿರಬೇಕು ಅಂತಲೇ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ.

ಅಪ್ಪ ಕಿಟಕಿ ಕಡೆಯಿಂದ ತಿರುಗಿ, ಮುಂದಿನ ಸೀಟಿನ ಜಡೆ ನೋಡಿ ಮೆಲ್ಲಗೆ ನಕ್ಕರು.

"ಪರವಾಗಿಲ್ಲಮ್ಮ ನಿನ್ನ ಮಗಳು. ನೀನು ಸ್ಕೂಲ್ ಹತ್ರ ನನ್ನ ಅಪ್ಪಾ ಅಂತ ಕರೆಯೋಕೆ ಎರಡು ವರ್ಷ ತಗೊಂಡಿದ್ದೆ. ಇವಳು ಒಂದೇ ವಾರಕ್ಕೆ ಕರೆದಳು."

ಕೇಳಿಸಿಕೊಂಡಿದ್ದರು! ಎಲ್ಲಾ ಗೊತ್ತಿತ್ತು ಅವರಿಗೆ! ನನ್ನ ಕಣ್ಣೀರು ಬಳಬಳ ಇಳಿಯಿತು. ತೂಕಡಿಸುತ್ತಿದ್ದ ಆ ಇಡೀ ಬಸ್ಸಿಗೆ ಕೇಳುವ ಹಾಗೆ ನಾನು "ಅಪ್ಪಾ!" ಅಂತ ಕೂಗಿಬಿಟ್ಟೆ. ನಾಲ್ಕು ತಲೆಗಳು ಎದ್ದು ನಮ್ಮ ಕಡೆ ತಿರುಗಿದವು.

"ಏನಮ್ಮಾ?"

"ಏನಿಲ್ಲ ಅಪ್ಪಾ. ಸುಮ್ನೆ ಕರೆದೆ."

"ಕರಿ ಕರಿ" ಅಂದರು ನಮ್ಮಪ್ಪ, ನನ್ನ ಕೈ ಹಿಡಿದುಕೊಂಡು. "ಸ್ವಲ್ಪ ಮೆಲ್ಲಗೆ ಕರಿ, ಪಾಪ, ಜನ ಮಲಗಿದಾರೆ."