ಕಾರಿಗೆ ಸೆಟ್ ಹಾಕಿಸಿದ ಕರ್ಮ

ಒಂದು ಕೆಲಸ ಮಾಡಿಸಿಕೊಂಡು ಬರಲು ಹೋಗಿ ನಾಲ್ಕು ಹೊಸ ಕೆಲಸ ಅಂಟಿಸಿಕೊಂಡು ಬರುವುದು ನನ್ನ ಹಣೆಯಲ್ಲೇ ಬರೆದಿದೆ. ಮಿಕ್ಸಿ ರಿಪೇರಿಗೆ ಕೊಟ್ಟರೆ ಬೇರೆ ಯಾರದೋ ಮುಚ್ಚಳ ಹಾಕಿಕೊಂಡು ಮನೆಗೆ ಬರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಕಾರಿಗೆ ಹೊಸ ಮ್ಯೂಸಿಕ್ ಸೆಟ್ ಹಾಕಿಸುವ ಆಸೆ ನನಗೆ ಬರಬಾರದಿತ್ತು.

ನಾನಿರುವುದು ನಂಜನಗೂಡಿನಲ್ಲಿ, ಪಾಠ ಮಾಡುವುದು ನರಸೀಪುರದ ಒಂದು ಹೈಸ್ಕೂಲಿನಲ್ಲಿ. ದಿನಾ ಕಾರಿನಲ್ಲಿ ಹೋಗಿಬರುವಾಗ ಎರಡು ಹಾಡು ಕೇಳೋಣ ಎಂದರೆ ಹಳೇ ಸೆಟ್ಟು ಎಡಗಡೆ ಮಾತ್ರ ಹಾಡುತ್ತಿತ್ತು. ಯಜಮಾನರಿಗೆ ಹೇಳಿದರೆ, "ನನಗೇನೋ ಚೆನ್ನಾಗೇ ಕೇಳಿಸುತ್ತಪ್ಪ" ಎಂದರು. ಅವರು ಕೂರುವುದು ಎಡಗಡೆ ಸೀಟಿನಲ್ಲಿ. ಆ ಮಾತಿಗೇ ನನಗೆ ಹಟ ಬಂತು.

ಅರ್ಧ ಗಂಟೆ ಕೆಲಸ

ನರಸೀಪುರದಲ್ಲಿ ಸ್ಕೂಲಿಗೆ ಹತ್ತಿರವೇ ಒಂದು ಸೆಟ್ ಅಂಗಡಿ. ಭಾನುವಾರ ಬೆಳಿಗ್ಗೆ ಕಾರು ತಂದು ನಿಲ್ಲಿಸಿದೆ. ಅಂಗಡಿಯವನು ಒಳಗೆ ಇಣುಕಿ ನೋಡಿ, "ಅರ್ಧ ಗಂಟೆ ಮೇಡಂ. ಟೀ ಕುಡ್ಕೊಂಡು ಬನ್ನಿ, ಆಗೋಗಿರ್ತದೆ" ಎಂದ.

ನಾನು ಟೀ ಕುಡಿದು, ತರಕಾರಿ ಕೊಂಡು, ಪರಿಚಯದವರ ಮನೆಗೆ ಹೋಗಿ ಅಲ್ಲಿಯೂ ಟೀ ಕುಡಿದು ಬಂದರೆ, ಕಾರಿನ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಪೇಪರ್ ಮೇಲೆ ಹರಡಿದ್ದಾನೆ. ಆಪರೇಷನ್ ಮಧ್ಯೆ ಡಾಕ್ಟರು ಎದ್ದು ಹೋದ ಹಾಗಿತ್ತು.

"ಸೆಟ್ಟು ಕೂರ್ತಾ ಇಲ್ಲ ಮೇಡಂ. ನಿಮ್ಮ ಗಾಡೀಗೆ ಬೇರೆ ಫ್ರೇಮ್ ಬೇಕು. ಮೈಸೂರಿಂದ ಬಸ್ಸಲ್ಲಿ ಆಕ್ಸಿದ್ದೀನಿ."

"ಯಾವ ಬಸ್ಸು?"

"ಬಸ್ಸು ಬಂತು, ಓಯ್ತು. ಡ್ರೈವರ್ ಕೊಡೋದು ಮರ್ತು ಕೊಳ್ಳೇಗಾಲಕ್ಕೆ ತಕೊಂಡೋಗವ್ನೆ. ನಾಳಿಕೆ ವಾಪಸ್ ಬತ್ತದೆ."

"ಹಾಗಾದರೆ ಸದ್ಯಕ್ಕೆ ಹಳೇದನ್ನೇ ಹಾಕಿಕೊಡಪ್ಪ."

"ಅದ್ರ ವೈರ್ ಕಟ್ ಮಾಡ್ಬುಟ್ನಲ್ಲ ಮೇಡಂ" ಎಂದ, ನಾನೇ ಮೊದಲು ಹೇಳಬೇಕಿತ್ತು ಎನ್ನುವ ಧಾಟಿಯಲ್ಲಿ.

ಬಿಚ್ಚಿದ್ದನ್ನೆಲ್ಲ ಹೇಗೋ ಸಿಕ್ಕಿಸಿಕೊಟ್ಟ. ಸೆಟ್ ಇರಬೇಕಾದ ಜಾಗದಲ್ಲಿ ಮಾತ್ರ ದೊಡ್ಡ ತೂತು, ಅದರೊಳಗಿಂದ ವೈರುಗಳು ಕರುಳಿನ ಹಾಗೆ ನೇತಾಡುತ್ತಿದ್ದವು. ಹಾಗೇ ನಂಜನಗೂಡು ಸೇರಿದೆ. ಯಜಮಾನರು ಕಾರಿನೊಳಗೆ ಬಗ್ಗಿ ತೂತನ್ನೇ ಸ್ವಲ್ಪ ಹೊತ್ತು ನೋಡಿದರು.

"ಹೊಸ ಸೆಟ್ ಚೆನ್ನಾಗಿದೆ ಕಣೇ. ಎಷ್ಟು ತೆಳ್ಳಗೆ ಮಾಡಿದ್ದಾರೆ ಅಂದ್ರೆ, ಕಣ್ಣಿಗೇ ಕಾಣಲ್ಲ."

ಮಿಕ್ಕ ಸ್ಕ್ರೂ

ಫ್ರೇಮ್ ಕೊಳ್ಳೇಗಾಲ ನೋಡಿಕೊಂಡು ವಾಪಸ್ ಬಂದ ಮೇಲೆ ಸೆಟ್ ಕೂತಿತು. ಎರಡೂ ಕಡೆ ಹಾಡಿತು. ನನಗೆ ಆನಂದವಾಗುವಷ್ಟರಲ್ಲಿ ಅಂಗಡಿಯವನು ನನ್ನ ಅಂಗೈಗೆ ಒಂದು ಹಿಡಿ ಸ್ಕ್ರೂ ಸುರಿದ.

"ಇದೇನಪ್ಪ?"

"ಮಿಕ್ಕಿದ್ದು ಮೇಡಂ. ಕಂಪನಿಯೋರು ಎಕ್ಸ್‌ಟ್ರಾ ಕೊಟ್ಟಿರ್ತಾರೆ."

ಎಕ್ಸ್‌ಟ್ರಾ ಸ್ಕ್ರೂ ಹಾಕಿ ಕಾರು ಮಾಡುವಷ್ಟು ಉದಾರಿ ಕಂಪನಿ ಯಾವುದಿದೆಯೋ ನನಗೆ ತಿಳಿಯದು. ಊರು ದಾಟುವ ಮೊದಲೇ ಡ್ಯಾಶ್‌ಬೋರ್ಡ್ ಕಟಕಟ ಎನ್ನಲು ಶುರು ಮಾಡಿತು. ಪ್ರತಿ ಹಳ್ಳಕ್ಕೂ ಒಂದು ಕಟಕಟ. ಹಂಪ್ ಬಂದರೆ ಎರಡು. ಮಾರನೇ ದಿನ ಹೋಗಿ ದೂರು ಹೇಳಿದೆ. ಅವನು ನನ್ನ ಪಕ್ಕದಲ್ಲಿ ಕೂತು, ರಸ್ತೆಯ ಕೊನೆವರೆಗೂ ಬಂದು, ಡಾಕ್ಟರ ಹಾಗೆ ಕಿವಿಗೊಟ್ಟು ಕೇಳಿದ. ಆಮೇಲೆ ಪರಿಹಾರ ಹೇಳಿದ.

"ವಾಲ್ಯೂಮ್ ಒಸಿ ಜಾಸ್ತಿ ಮಡಿಕೊಳ್ಳಿ ಮೇಡಂ. ಕೇಳ್ಸಲ್ಲ."

ಬ್ರೇಕ್ ಹಾಕಿದರೆ ಸಿನಿಮಾ

ಸೆಟ್ಟಿನ ಜೊತೆ ಹಿಂದುಗಡೆ ಒಂದು ಕ್ಯಾಮೆರಾ ಬಂದಿತ್ತು. ರಿವರ್ಸ್ ಹಾಕಿದಾಗ ಹಿಂದೆ ಏನಿದೆ ಎಂದು ಪರದೆಯ ಮೇಲೆ ಕಾಣಬೇಕು. ನಮ್ಮವನು ಅದರ ವೈರನ್ನು ರಿವರ್ಸ್ ಲೈಟಿಗೆ ಕೊಡುವ ಬದಲು ಬ್ರೇಕ್ ಲೈಟಿಗೆ ಕೊಟ್ಟಿದ್ದ. ಹಾಗಾಗಿ ರಿವರ್ಸ್ ಹಾಕಿದರೆ ಪರದೆಯಲ್ಲಿ ಹಾಡಿನ ಹೆಸರು ಬರುತ್ತಿತ್ತು, ಬ್ರೇಕ್ ಒತ್ತಿದರೆ ಹಿಂದೆ ಬರುತ್ತಿರುವವರ ಮುಖ ಬರುತ್ತಿತ್ತು.

ಸರಿ ಮಾಡಿಸಬೇಕು ಎಂದುಕೊಳ್ಳುತ್ತಿರುವಾಗಲೇ ಒಂದು ದಿನ ಹೆಡ್‌ಮಾಸ್ಟರನ್ನು ಮೈಸೂರಿನ ಮೀಟಿಂಗಿಗೆ ಕರೆದುಕೊಂಡು ಹೋಗಬೇಕಾಯಿತು. ಮುಂದೆ ಕಬ್ಬಿನ ಟ್ರ್ಯಾಕ್ಟರು, ಹಾಗಾಗಿ ನನಗೆ ಬ್ರೇಕ್ ಮೇಲೆ ಬ್ರೇಕ್. ಮೊದಲ ಸಲ ಪರದೆ ಹೊತ್ತಿಕೊಂಡಾಗ ಹೆಡ್‌ಮಾಸ್ಟರು ಕನ್ನಡಕ ಸರಿ ಮಾಡಿಕೊಂಡರು.

"ಮೇಡಂ, ಅದು ನಮ್ಮ ಪಿ.ಟಿ. ಮೇಷ್ಟ್ರಲ್ವಾ?"

ಅಷ್ಟರಲ್ಲಿ ನಾನು ಬ್ರೇಕ್ ಬಿಟ್ಟಿದ್ದೆ, ಚಿತ್ರ ಹೋಯಿತು. ಪಿ.ಟಿ. ಮೇಷ್ಟ್ರು ವಿಪರೀತ ಜ್ವರ, ಏಳಲೂ ಆಗುತ್ತಿಲ್ಲ ಎಂದು ಅವತ್ತು ಬೆಳಿಗ್ಗೆ ರಜೆ ಹಾಕಿದ್ದರು.

"ಇರಲಾರದು ಸಾರ್. ಅವರ ಥರ ಯಾರೋ ಇರಬೇಕು."

"ಇನ್ನೊಂದ್ಸಲ ಬ್ರೇಕ್ ಹಾಕಿ, ನೋಡೋಣ."

ಟ್ರ್ಯಾಕ್ಟರಿನವನು ನನ್ನ ಕೈಲಿ ಹಾಕಿಸಿಯೇಬಿಟ್ಟ. ಪರದೆ ತುಂಬ ಪಿ.ಟಿ. ಮೇಷ್ಟ್ರು. ತಂಪು ಕನ್ನಡಕ, ಹೊಸ ಅಂಗಿ, ಬೈಕಿನ ಹಿಂದೆ ರೇಷ್ಮೆ ಸೀರೆ ಉಟ್ಟ ಹೆಂಡತಿ, ಇಬ್ಬರ ನಡುವೆ ಒಂದು ಗಿಫ್ಟ್ ಪೆಟ್ಟಿಗೆ. ಮೇಷ್ಟ್ರು ಬಾಯಿ ಬಿಟ್ಟು ಹಾಡುತ್ತಿದ್ದರು ಬೇರೆ.

"ಜ್ವರ ತಲೆಗೇರಿದೆ ಅಂತ ಕಾಣುತ್ತೆ" ಎಂದರು ಹೆಡ್‌ಮಾಸ್ಟರು.

ಮಾರನೇ ದಿನ ಹೆಡ್‌ಮಾಸ್ಟರ ಕೋಣೆಯಿಂದ ಸ್ಟಾಫ್ ರೂಮಿಗೆ ಬಂದ ಪಿ.ಟಿ. ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಆ ಸಿಟ್ಟನ್ನು ನಾನು ಸಂಜೆ ಅಂಗಡಿಯವನ ಮೇಲೆ ತೀರಿಸಿಕೊಂಡೆ. ಅವನು ಪೂರ್ತಿ ಕೇಳಿಸಿಕೊಂಡು ಹೇಳಿದ: "ಕ್ಯಾಮೆರಾ ಕ್ಲಿಯರ್ ಆಗೈತೆ ಅಂತಾಯ್ತಲ್ಲ ಮೇಡಂ."

ಬನ್ನೂರಲ್ಲಿದ್ದೀನಿ

ಕ್ಯಾಮೆರಾ ಸರಿಹೋಯಿತು. ಆಮೇಲೆ ನನ್ನ ಫೋನ್ ಸೆಟ್ಟಿಗೆ ಕನೆಕ್ಟ್ ಆಗುವುದನ್ನೇ ನಿಲ್ಲಿಸಿತು. ಬ್ಲೂಟೂತ್ ಒತ್ತಿದರೆ ಸುತ್ತುತ್ತದೆ, ಸುತ್ತುತ್ತದೆ, ಸುಮ್ಮನಾಗುತ್ತದೆ. ಈ ಹೊತ್ತಿಗೆ ನನ್ನ ಕಾರಿನ ಸದ್ದು ಕೇಳಿದರೆ ಅಂಗಡಿಯವನಿಗೆ ಬೇರೆ ಊರಿನಲ್ಲಿ ಕೆಲಸ ಬೀಳಲು ಶುರುವಾಗಿತ್ತು. ಒಮ್ಮೆ ಚಿಕ್ಕಯ್ಯನಛತ್ರ, ಒಮ್ಮೆ ತಗಡೂರು.

ಅವತ್ತು ಶನಿವಾರ, ಸ್ಕೂಲು ಬೇಗ ಬಿಟ್ಟಿತ್ತು. ಹೋದರೆ ಷಟರ್ ಎಳೆದಿದೆ. ಅಂಗಡಿ ಎದುರಿಗೇ ಕಾರು ನಿಲ್ಲಿಸಿ, ಒಳಗೆ ಕೂತೇ ಫೋನ್ ಮಾಡಿದೆ.

"ಬನ್ನೂರಲ್ಲಿದ್ದೀನಿ ಮೇಡಂ. ಗದ್ದೆ ಕೆಲ್ಸ. ಬರೋದು ಸಂಜೆ ಆಯ್ತದೆ" ಎಂದ.

ಫೋನ್ ಇಟ್ಟು, ಬೈದುಕೊಳ್ಳುತ್ತಾ ಪರದೆ ನೋಡಿದರೆ, 'ಕನೆಕ್ಟೆಡ್' ಎಂದು ಬಂದಿದೆ. ನನ್ನ ಫೋನಿಗಲ್ಲ. ಕೆಳಗೆ ಇದ್ದದ್ದು ಆ ಅಂಗಡಿಯ ಹೆಸರು. ರಿಪೇರಿ ಮಾಡುವಾಗ ತನ್ನ ಫೋನ್ ಹಾಕಿ ಟೆಸ್ಟ್ ಮಾಡಿದವನು ಅದನ್ನು ತೆಗೆದೇ ಇರಲಿಲ್ಲ. ಬ್ಲೂಟೂತ್ ಎಷ್ಟೇ ಜೋರಿದ್ದರೂ ಬನ್ನೂರಿನಿಂದ ಹಿಡಿಯುವುದಿಲ್ಲ ಎನ್ನುವಷ್ಟು ನನಗೂ ಗೊತ್ತು. ನಾನಿನ್ನೂ ಅದನ್ನೇ ನೋಡುತ್ತಿದ್ದೆ, ಅವನ ಫೋನಿಗೆ ಯಾರದೋ ಕಾಲ್ ಬಂತು. ನನ್ನ ಸೆಟ್ಟು ನನ್ನನ್ನೂ ಕೇಳಲಿಲ್ಲ, ಅವನನ್ನೂ ಕೇಳಲಿಲ್ಲ, ತಾನೇ ಎತ್ತಿಕೊಂಡಿತು. ಕಾರಿನ ಎರಡೂ ಕಡೆಯಿಂದ ಒಂದು ಹೆಂಗಸಿನ ದನಿ.

"ರೀ, ಆ ನಂಜನಗೂಡು ಟೀಚರು ಒಂಟೋದ್ರಾ? ಎಷ್ಟೊತ್ತು ಅಂತ ಷಟರ್ ಎಳ್ಕೊಂಡು ಕೂತಿರ್ತೀರಿ? ಉಸ್ರು ಕಟ್ಟಲ್ವಾ?"

ಸುಮ್ಮನಿರಲು ನನ್ನಿಂದ ಆಗಲಿಲ್ಲ. "ಇನ್ನೂ ಹೋಗಿಲ್ಲ ಕಣಮ್ಮ. ಇಲ್ಲೇ ಇದ್ದೀನಿ" ಎಂದೆ.

ಆಕೆ ತಟ್ಟನೆ ದನಿ ಇಳಿಸಿ, ಬಹಳ ಮರ್ಯಾದೆಯಿಂದ ಕೇಳಿದಳು:

"ಊಟ ಆಯ್ತಾ ಮೇಡಂ?"

ಷಟರ್ ಒಳಗಿನಿಂದ ಮೆಲ್ಲಗೆ ಮೇಲೆದ್ದಿತು. ಮೊದಲು ಚಪ್ಪಲಿ ಕಂಡಿತು, ಆಮೇಲೆ ಪ್ಯಾಂಟು, ಕೊನೆಗೆ ಬೆವರಿಳಿಯುವ ಮುಖ. ಫೋನ್ ಕೈಯಲ್ಲೇ ಇತ್ತು. ನಾಚಿಕೆಯಿಂದ ಏನಾದರೂ ಸಬೂಬು ಹೇಳುತ್ತಾನೆ ಎಂದುಕೊಂಡೆ. ಅವನು ನೇರ ಕಾರಿನ ಹತ್ತಿರ ಬಂದು, ಕಿಟಕಿಯೊಳಗೆ ತಲೆ ಹಾಕಿ, ಸ್ಪೀಕರಿಗೆ ಕಿವಿ ಕೊಟ್ಟು ನಿಂತ.

"ಬ್ಲೂಟೂತ್ ಚೆನ್ನಾಗೇ ಇಡೀತಾ ಅದಲ್ಲ ಮೇಡಂ" ಎಂದ. "ಇನ್ನೇನು ಕಂಪ್ಲೇಂಟು ನಿಮ್ದು?"