ಭಾವನ ಸೇತುವೆಗೆ ನೆಗಡಿ

ಸೇತುವೆಗೂ ನೆಗಡಿಯಾಗುತ್ತದೆಂದು ನಂಬುವ ಮನುಷ್ಯ ಭೂಮಿಯ ಮೇಲೆ ಒಬ್ಬರೇ ಇರುವುದು. ಅವರನ್ನೇ ಹುಡುಕಿ ನಮ್ಮಕ್ಕ ಮದುವೆಯಾದಳು.

ಭಾವ ಮೈಸೂರಿನವರು. ಮೂರು ಡಿಗ್ರಿ, ಅಮೆರಿಕದ ರೆಡ್ಮಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ನಾನು ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಅಪ್ಪನ ಜೊತೆ ಮರಗೆಲಸಕ್ಕೆ ಇಳಿದವನು. ಈಗ ನಾನೂ ಅಲ್ಲೇ ಹತ್ತಿರ, ರೆಂಟನ್‌ನ ಗೋದಾಮೊಂದರಲ್ಲಿ ಮರದ ಪೆಟ್ಟಿಗೆ ಮಾಡುತ್ತೇನೆ. ನಾನು ಮಾಡಿದ ಪೆಟ್ಟಿಗೆ ಇದುವರೆಗೆ ಒಂದೂ ವಾಪಸು ಬಂದಿಲ್ಲ. ಇದನ್ನು ಹೇಳಿಕೊಳ್ಳಲು ಭಾವ ಎಂದೂ ಸಂದು ಕೊಟ್ಟವರಲ್ಲ, ಹಾಗಾಗಿ ಇಲ್ಲಿ ಹೇಳಿದೆ.

ಇಲ್ಲಿ ಊರಾಚೆ ಹೊಳೆಯ ಮೇಲೆ ಹಳೇ ಮರದ ಸೇತುವೆಯೊಂದಿದೆ. ಮೇಲೆ ಸೂರು, ಎರಡೂ ಕಡೆ ಹಲಗೆಯ ಗೋಡೆ. ಮನೆಯೊಂದನ್ನು ಎತ್ತಿ ನೀರಿನ ಮೇಲಿಟ್ಟಂತೆ. ಅದನ್ನು ನೋಡಿಕೊಳ್ಳುವ ಸ್ವಯಂಸೇವಕರ ಗುಂಪಿಗೆ ಭಾವ ಸೇರಿದರು. ನಮ್ಮ ನೆಮ್ಮದಿ ಅಲ್ಲಿಗೆ ಮುಗಿಯಿತು. ಒಂದು ನಾಮಕರಣದಲ್ಲಿ ಸೇತುವೆಯ ಚರಿತ್ರೆ ಶುರುಮಾಡಿದರು: ಹಾಲಿನ ಗಾಡಿಗಳಿಗೆಂದು ರೈತರು ಕಟ್ಟಿದ್ದು, ಮೊದಲನೆಯದನ್ನು ಪ್ರವಾಹ ಒಯ್ದದ್ದು, ಮರ ನೆನೆಯದಿರಲೆಂದು ಎರಡನೆಯದಕ್ಕೆ ಸೂರು ಹಾಕಿದ್ದು. ಮುಗಿಯುವಷ್ಟರಲ್ಲಿ ಕೇಳುಗರಲ್ಲಿ ಉಳಿದದ್ದು ತೊಟ್ಟಿಲ ಮಗು ಮಾತ್ರ. ಅದಕ್ಕೆ ಎದ್ದು ಹೋಗಲು ಇನ್ನೂ ಬರುತ್ತಿರಲಿಲ್ಲ!

ಹನಿ ಬಿದ್ದರೆ ಮಂಕಿ ಕ್ಯಾಪ್ ಹುಡುಕುವ ಊರು ಅವರದು. ಇಲ್ಲಿಯೋ, ಅಕ್ಟೋಬರ್‌ನಲ್ಲಿ ಬಂದ ಮಳೆ ಬೇಸಿಗೆಯವರೆಗೆ ಎದ್ದು ಹೋಗುವುದಿಲ್ಲ. ಭಾವ ಸುಮ್ಮನಿರುತ್ತಾರೆಯೇ? ಸೇತುವೆಗೂ ಬೆಚ್ಚಗೆ ಹೊದಿಸಿದರು. ಗೋಡೆಯ ಹಲಗೆಗಳ ಸಂದುಗಳಿಗೆಲ್ಲ ಒಳಗಿನಿಂದ ಪ್ಲಾಸ್ಟಿಕ್ ಹಾಳೆ ಬಿಗಿದರು.

"ಭಾವ, ಆ ಸಂದು ಬೇಕಂತಲೇ ಬಿಟ್ಟಿರೋದು. ಗಾಳಿ ಆಡ್ದೇ ಇದ್ರೆ ಮರ ಬೆವರುತ್ತೆ."

"ನೀನು ಪೆಟ್ಟಿಗೆ ಮಾಡೋನು ಕಣಯ್ಯ. ಇದು ಹೆರಿಟೇಜ್ ಸ್ಟ್ರಕ್ಚರ್."

"ಮರಕ್ಕೆ ಅದು ಗೊತ್ತಾ?"

"ನಾನು ಓದಿದೀನಿ, ಸುಮ್ನಿರು."

ಚಳಿಗಾಲ ಕಳೆದು ತಪಾಸಣೆಯ ಎಂಜಿನಿಯರಮ್ಮ ಬಂದರು. ಏಣಿ ಹೊರಲು ಹೆರಿಟೇಜ್ ತಿಳಿದಿರಬೇಕಿಲ್ಲವಾದ್ದರಿಂದ ಭಾವ ನನ್ನನ್ನೂ ಕರೆದೊಯ್ದಿದ್ದರು. ಹಾಳೆ ಎಳೆದರೆ ಒಳಗೆಲ್ಲ ಬೂಷ್ಟು, ಒಂದು ಮೂಲೆಯಲ್ಲಿ ಅಣಬೆ, ಒಂದು ಹೊತ್ತಿನ ಸಾರಿಗಾಗುವಷ್ಟು. ತೊಲೆ ಕೊಳೆತಿದ್ದರೆ ಸೇತುವೆ ಇವತ್ತೇ ಬಂದ್ ಎಂದರು ಆಕೆ. ಭಾವ ತೊಲೆಗೆ ಅಂಗೈ ಒತ್ತಿ ನಿಂತುಬಿಟ್ಟರು, ಜ್ವರದ ಮಗುವಿನ ಹಣೆ ಮುಟ್ಟಿದಂತೆ.

ನಾನು ಉಳಿ ತೆಗೆದು ಹತ್ತು ಕಡೆ ಚುಚ್ಚಿ ನೋಡಿದೆ. "ಮೇಲಿನ ಪದರ ಅಷ್ಟೇ ಹೋಗಿರೋದು ಭಾವ. ತಿರುಳು ಗಟ್ಟಿ ಇದೆ." ಭಾವ ಅದನ್ನು ಆಕೆಗೆ ಇಂಗ್ಲಿಷಿನಲ್ಲಿ ಹೇಳಿದರು. ಆಕೆ ತಾವೂ ಚುಚ್ಚಿ ನೋಡಿ ತಲೆಯಾಡಿಸಿದರು. ಕೊಳೆತದ್ದನ್ನು ಕೆತ್ತಿ ತೆಗೆದು ಗಾಳಿಗೆ ಬಿಡಿ, ಬೇಸಿಗೆಯಲ್ಲಿ ಮತ್ತೆ ಬರುತ್ತೇನೆ, ಅಲ್ಲಿಯವರೆಗೆ ಮುಚ್ಚುವುದಿಲ್ಲ ಎಂದರು. ಆಮೇಲೆ ಕೇಳಿದರು, ಈ ಹಾಳೆ ಹೊದಿಸಿದವರು ಯಾರು?

"ನಾನೇ. ಇವನು ಬೇಡ ಅಂದಿದ್ದ. ನಾನು ಕೇಳ್ಲಿಲ್ಲ." ಭಾವ ಇಂಗ್ಲಿಷಿನಲ್ಲೇ ಹೇಳಿದರು, ನನಗೂ ಅರ್ಥವಾಗುವಷ್ಟು ನಿಧಾನವಾಗಿ.

ಆಕೆ ಹೋದ ಮೇಲೆ ಹಾಳೆ ಮಡಚುತ್ತ ಮೆಲ್ಲಗೆ ಕೇಳಿದರು, "ಕೆತ್ತೋದನ್ನ ನಂಗೂ ಕಲಿಸ್ತೀಯಾ?"

ಬಡಗಿ ತನ್ನ ಉಳಿಯನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಅಪ್ಪ ನನಗೇ ವರ್ಷಗಟ್ಟಲೆ ಕೊಟ್ಟಿರಲಿಲ್ಲ. ನಾನು ಕೊಟ್ಟೆ. ಅವರು ಅದನ್ನು ಪೆನ್ನಿನಂತೆ ಹಿಡಿದರು. ಮೊದಲ ಏಟಿಗೆ ನನ್ನ ಕೈಯನ್ನೂ ಅವರ ಕೈಯ ಮೇಲಿಟ್ಟೆ.