ಹಿಂದಕ್ಕೆ ನಾಲ್ಕು ಗೇರ್

ರೇಸಿನ ಎಂಜಿನ್ನಿಗಿರುವ ಯೋಗ ನಮ್ಮ ಮನೆಯ ಹಳೇ ಟೂ-ಸ್ಟ್ರೋಕ್ ಸ್ಕೂಟರಿಗೂ ಬರಬೇಕು! ಹೀಗೆಂದು ನಾನು ಒಂದು ಭಾನುವಾರ, ಎರಡನೇ ದೋಸೆಗೂ ಮೂರನೇ ದೋಸೆಗೂ ನಡುವೆ, ಘೋರ ಪ್ರತಿಜ್ಞೆ ಮಾಡಿದೆ.

ಕಾರಣ ನನ್ನ ಹೆಂಡತಿ ಮಮತಾ. ಅವಳಿಗೆ ಕಾನಸೂರಿನ ಹೊಲಿಗೆ ತರಬೇತಿ ಕೇಂದ್ರದಲ್ಲಿ ಕೆಲಸ ಸಿಕ್ಕಿತ್ತು. ಶಿರಸಿಯಿಂದ ದಿನಾ ಓಡಾಡಲು ಸ್ಕೂಟರ್ ಬೇಕು, ಸ್ಕೂಟರಿಗೆ ಲೈಸೆನ್ಸ್ ಬೇಕು. ಪರೀಕ್ಷೆಯಲ್ಲಿ ಅವಳು ಎರಡು ಸಲ ಫೇಲು! ಎರಡೂ ಸಲ ಎಂಟರ ಆಕಾರದಲ್ಲಿ ಓಡಿಸುವಾಗ, ಆ ಎಂಟರ ಹೊಟ್ಟೆಯಲ್ಲೇ ಎಂಜಿನ್ ಕೆಮ್ಮಿ ನಿಂತಿತ್ತು, ಅವಳ ಕಾಲು ನೆಲಕ್ಕೆ ತಾಗಿತ್ತು. ಬುಧವಾರ ಮೂರನೇ ಸಲ. ಗುರುವಾರ ಕೆಲಸಕ್ಕೆ ಹಾಜರಾಗಬೇಕು.

"ತಪ್ಪು ನಿಂದಲ್ಲ, ಕಿಡೀದು," ಎಂದೆ. ಪೈಪಿನ ಅಂಗಡಿಯಲ್ಲಿ ಬಿಲ್ ಬರೆಯುವ ಸಂಬಳದಾಳಾದರೂ, ಮೊಬೈಲಿನಲ್ಲಿ ನಲವತ್ತು ವಿಡಿಯೊ ನೋಡಿದ ತಜ್ಞ ನಾನು. "ಕಿಡಿ ಹಾರ್ಸೋ ಹಳೇ ಪಾಯಿಂಟ್ ಸವೆದದೆ. ಕಿಡಿ ಒಂದ್ಸಲ ಬೇಗ, ಒಂದ್ಸಲ ತಡ. ರೇಸಿನ ಗಾಡೀಲಿರೋ ಕ್ರ್ಯಾಂಕ್ ಟ್ರಿಗರ್ ಕೂರ್ಸಿದ್ರೆ ಮುಗೀತು! ಕ್ರ್ಯಾಂಕಿನ ಜೊತೆ ತಿರುಗೋ ಚಕ್ರಕ್ಕೆ ಒಂದು ಅಯಸ್ಕಾಂತ, ಪಕ್ಕದಲ್ಲಿ ಒಂದು ಸೆನ್ಸರ್. ಅಯಸ್ಕಾಂತ ಎದುರು ಬಂತು, ಕಿಡಿ ಹಾರ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ!"

"ಐದ್ನಿಮಿಷ ಅಂತ ಪೇಟೆಗೆ ಹೋದ್ರೆ ಮಧ್ಯಾಹ್ನ ಬರವ್ರು ನೀವು. ಕಿಡಿ ಟೈಮಿಂಗ್ ಸರಿ ಮಾಡ್ತ್ರಿ?"

ಮಾಡಿದೆ! ಪಿಸ್ಟನ್ ಪೂರ್ತಿ ಮೇಲಕ್ಕೆ ಬರುವ ಜಾಗಕ್ಕೆ ಚಕ್ರದ ಮೇಲೊಂದು ಗುರುತು ಬೇಕಿತ್ತು. ಮಮತಾಳ ಬಿಂದಿ ಅಂಟಿಸಿ, ಅದರ ಅಳತೆಗೆ ಅಯಸ್ಕಾಂತ ಕೂರಿಸಿದೆ. ಅದು ಎಣ್ಣೆಯಲ್ಲಿ ತುಸು ಜಾರಿ, ಕಿಡಿ ಬೇಗನೇ ಹಾರುವಂತಾಗಿತ್ತೆಂಬುದು ಆಮೇಲೆ ತಿಳಿದ ಸತ್ಯ. ಆಗ ಮಾತ್ರ, ಆಹಾ! ಒಂದೇ ಸಮ ಸದ್ದು! ಸೀಟಿನ ಮೇಲಿಟ್ಟ ಚಹಾದ ಲೋಟ ತುಳುಕಲಿಲ್ಲ. ಬುಧವಾರ ಪರೀಕ್ಷೆಯ ಮೈದಾನದ ತನಕ ಸುಸೂತ್ರವಾಗಿಯೇ ಹೋದೆವು.

ಇನ್ಸ್‌ಪೆಕ್ಟರ್ ಮಮತಾಳ ಹೆಸರು ಕರೆದರು. ನಾನು ಗತ್ತಿನಿಂದ ಕಿಕ್ ಹೊಡೆದೆ. ಅವಸರದ ಅರ್ಧ ಕಿಕ್. ಪೆಡಲ್ ಪಟ್ಟೆಂದು ತಿರುಗಿ ನನ್ನ ಕಾಲಿಗೇ ಹೊಡೆಯಿತು. ಎಂಜಿನ್ ಮಾತ್ರ ಶುರುವಾಯಿತು. ಕಿಡಿ ಬೇಗ ಹಾರಿದರೆ ಟೂ-ಸ್ಟ್ರೋಕ್ ಎಂಜಿನ್ ಉಲ್ಟಾ ತಿರುಗಲೂ ನಾಚುವುದಿಲ್ಲವಂತೆ. ಅದು ನಲವತ್ತೊಂದನೇ ವಿಡಿಯೊದಲ್ಲಿತ್ತು!

ಮಮತಾ ಒಂದನೇ ಗೇರ್ ಹಾಕಿ ಕ್ಲಚ್ ಬಿಟ್ಟಳು. ಸ್ಕೂಟರ್ ಹಿಂದಕ್ಕೆ ಹೊರಟಿತು!

"ರೀ! ಇದೆಂತದ್ರೀ?"

"ಗೇರ್ ಬದಲ್ಸು!"

ಬದಲಿಸಿದಳು. ಇನ್ನೂ ಜೋರಾಗಿ ಹಿಂದಕ್ಕೆ! ಮುಂದಕ್ಕೆ ಒಂದೂ ಇಲ್ಲದೆ, ಹಿಂದಕ್ಕೆ ನಾಲ್ಕು ಗೇರ್ ಇರುವ ವಾಹನವನ್ನು ನಾನು ಲೋಕಕ್ಕೆ ಅರ್ಪಿಸಿದ್ದೆ. ಇನ್ಸ್‌ಪೆಕ್ಟರ್ ಕಾಗದಪತ್ರ ಬಿಸಾಡಿ ಪಕ್ಕಕ್ಕೆ ಹಾರಿದರು.

"ನಿಲ್ಸು ಮಾರಾಯ್ತಿ!"

"ನಿಲ್ಸಿದ್ರೆ ಕಾಲು ತಾಗ್ತದೆ! ಮತ್ತೆ ಫೇಲು!"

ಕುತ್ತಿಗೆ ಹಿಂದಕ್ಕೆ ತಿರುಗಿಸಿ, ಹಲ್ಲು ಕಚ್ಚಿ, ಸುಣ್ಣದ ಗೆರೆಯ ಇಡೀ ಎಂಟನ್ನು ಅವಳು ಹಿಮ್ಮುಖವಾಗಿ ಸುತ್ತಿ ಮುಗಿಸಿದಳು. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ!

ಇನ್ಸ್‌ಪೆಕ್ಟರ್ ಕಾಗದ ಹೆಕ್ಕಿಕೊಂಡರು. "ಕಾಲು ತಾಗ್ಲಿಲ್ಲ. ಪಾಸು. ಇವ್ರನ್ನ ಫೇಲ್ ಮಾಡಿದ್ರೆ, ಮುಂದಕ್ಕೆ ಹೋಗವ್ರನ್ನೆಲ್ಲ ಎಂತ ಮಾಡೂದು?"

ನಾನು ಎದೆಯುಬ್ಬಿಸಿದೆ. "ಸಾರ್, ಅದು ಕ್ರ್ಯಾಂಕ್ ಟ್ರಿಗರ್. ಕೂರ್ಸಿದ್ದು ನಾನೇ!"

"ಓಹೋ, ನೀವಾ? ಮೇಡಂ ಪಾಸು, ಗಾಡಿ ಫೇಲು. ಅದನ್ನ ಬಿಚ್ಚಿ ಹಳೇದು ಹಾಕೂ ತನಕ ಸ್ಟಾರ್ಟ್ ಮಾಡೂ ಹಾಂಗಿಲ್ಲ. ತಳ್ಕೊಂಡು ಹೋಗಿ!"

ಮನೆ ಎರಡು ಕಿಲೋಮೀಟರ್, ಪೂರಾ ಏರು. ನಾನು ಹ್ಯಾಂಡಲ್ ಹಿಡಿದೆ. ಮಮತಾ ನನ್ನ ಕೈ ಸರಿಸಿ ಸೀಟಿನ ಮೇಲೆ ಕುಳಿತಳು.

"ಇದೆಂತ?"

"ಲೈಸೆನ್ಸ್ ಆದದ್ದು ನಂಗೆ. ನೀವು ಹಿಂದೆ ಹೋಗಿ."

ಮೊದಲ ತಿರುವಿಗೇ ನನ್ನ ನಾಲಿಗೆ ಹೊರಗೆ ಬಂತು. ಅವಳು ಪೀಂ ಎಂದು ಹಾರ್ನ್ ಹೊಡೆದು, ತಿರುಗಿಯೂ ನೋಡದೆ ಹೇಳಿದಳು:

"ಸಾವಕಾಶ ತಳ್ಳಿ ಮಾರಾಯ್ರೆ! ಮೊದಲ್ನೇ ದಿವ್ಸವೇ ಓವರ್‌ಸ್ಪೀಡ್ ಆಗೂದು ಬ್ಯಾಡ!"